ಅಜ್ಜಿ ಮನೆ ಹಸುವಿಗೆ ಮಗಳೇ ಬಣ್ಣ ತುಂಬಬೇಕಂತೆ, ಹಾಳೆ ಮಾಡೋದು ಹೇಗೆ?

ಪ್ರಶ್ನೆ: ನನ್ನ ಮಗಳಿಗೆ 5 ವರ್ಷ, ಮಗನಿಗೆ 8. ಇರುವುದು ಬೆಂಗಳೂರಿನಲ್ಲಿ. ನನ್ನ ತವರು ಸಾಗರದ ಹತ್ತಿರ ಒಂದು ಹಳ್ಳಿ. ಮಗಳಿಗೆ ಬಣ್ಣ ತುಂಬುವುದೆಂದರೆ ತುಂಬಾ ಇಷ್ಟ. ಆದರೆ ಅಂಗಡಿಯಲ್ಲಿ ಸಿಗುವ ಪುಸ್ತಕಗಳಲ್ಲಿ ಬರೀ ಹಿಮದ ಬೊಂಬೆ, ಯುನಿಕಾರ್ನ್, ಚಿಮಣಿ ಇರುವ ಮನೆ. ಈ ಸಲ ಬೇಸಿಗೆ ರಜೆ ಮುಗಿಸಿ ಬಂದ ಮೇಲೆ ಅವಳದು ಒಂದೇ ಹಟ, "ಅಜ್ಜಿ ಮನೆ ಗೌರಿಗೆ ಬಣ್ಣ ಹಚ್ಚಬೇಕು." ಗೌರಿ ಅಂದರೆ ನಮ್ಮ ಹಸು. ಕಂದು ಮೈ, ಹಣೆಯಲ್ಲಿ ಬಿಳಿ ಮಚ್ಚೆ. ಫೋಟೋ ಹಾಕಿದರೆ ಕಲರಿಂಗ್ ಪೇಜ್ ಮಾಡಿಕೊಡುವ ಒಂದು ಆ್ಯಪ್ ನೋಡಿದೆ. ಹಸುವಿನ ಅರ್ಧ ಮೈ ಕಪ್ಪಾಗಿ ಬಂತು. ಅಜ್ಜಿಯ ಫೋಟೋ ಹಾಕಿದರೆ ಬಂದ ಮುಖ ನೋಡಿ ಮಗಳು ಹೆದರಿದಳು. ಮನೆಯಲ್ಲಿ ಪ್ರಿಂಟರ್ ಇಲ್ಲ. ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಮಗ "ಬಣ್ಣ ತುಂಬೋದು ಚಿಕ್ಕ ಮಕ್ಕಳ ಕೆಲಸ" ಎಂದು ಹತ್ತಿರಕ್ಕೂ ಬರುವುದಿಲ್ಲ. ಇನ್ನೊಂದು ಸಂಶಯ: ಬಣ್ಣ ತುಂಬುವ ಪುಸ್ತಕ ಕೊಟ್ಟರೆ ಮಕ್ಕಳ ಕಲ್ಪನೆ ಹಾಳಾಗುತ್ತದೆ ಎಂದು ಒಬ್ಬರು ಹೇಳಿದರು. ನಿಜವೇ?

ಉತ್ತರ: ಮೊದಲಿಗೆ, ನಿಮ್ಮ ಮಗಳ ಹಟಕ್ಕೆ ನನ್ನ ಪೂರ್ತಿ ಬೆಂಬಲ. ನಾನು 24 ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದವಳು. ಹಿಮವನ್ನೇ ನೋಡದ ಮಕ್ಕಳು ಹಿಮದ ಬೊಂಬೆಗೆ ಬಣ್ಣ ತುಂಬುವುದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಬೊಂಬೆಯ ಬಗ್ಗೆ ಮಗುವಿಗೆ ಹೇಳಲು ಏನೂ ಇರುವುದಿಲ್ಲ. ಗೌರಿಯ ಬಗ್ಗೆ ನಿಮ್ಮ ಮಗಳ ಹತ್ತಿರ ಅರ್ಧ ಗಂಟೆಯ ಮಾತು ಇದೆ. ಕ್ರೆಯಾನ್ ಹಿಡಿದು ಕೂತ ಮಗು ಆ ಮಾತೆಲ್ಲ ಆಡುತ್ತಲೇ ಬಣ್ಣ ತುಂಬುತ್ತದೆ.

ನಿಮಗೆ ಚಿತ್ರ ಬಿಡಿಸಲು ಬರುವುದಿಲ್ಲ ಅಂದಿರಿ. ಬರಬೇಕಾಗಿಲ್ಲ. ಜೆರಾಕ್ಸ್ ಅಂಗಡಿಯಲ್ಲೋ ಸ್ಟೇಷನರಿ ಅಂಗಡಿಯಲ್ಲೋ ಒಎಚ್‌ಪಿ ಶೀಟ್ ಅಂತ ಕೇಳಿ. ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆ, ಎ4 ಅಳತೆಯದು. ಅದು ಸಿಗದಿದ್ದರೆ ಪ್ರಾಜೆಕ್ಟ್ ರಿಪೋರ್ಟ್ ಬೈಂಡ್ ಮಾಡುವಾಗ ಮೇಲೆ ಹಾಕುತ್ತಾರಲ್ಲ, ಆ ಹಾಳೆಯೂ ನಡೆಯುತ್ತದೆ. ಜೊತೆಗೆ ಒಂದು ಸಣ್ಣ ತುದಿಯ ಕಪ್ಪು ಪರ್ಮನೆಂಟ್ ಮಾರ್ಕರ್. ಗೌರಿಯ ಫೋಟೋವನ್ನು ಸ್ಟುಡಿಯೋದಲ್ಲಿ 4 x 6 ಇಂಚಿಗೆ ಪ್ರಿಂಟ್ ಹಾಕಿಸಿ. ಪರೀಕ್ಷೆಗೆ ಬಳಸುವ ರಟ್ಟಿನ ಮೇಲೆ ಫೋಟೋ ಇಟ್ಟು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು, ಎರಡನ್ನೂ ಸೇರಿಸಿ ಕ್ಲಿಪ್ ಹಾಕಿ. ಈಗ ಕೆಳಗೆ ಕಾಣುವ ಹಸುವಿನ ಮೇಲೆ ನಿಧಾನವಾಗಿ ಗೆರೆ ಎಳೆಯುತ್ತಾ ಹೋಗಿ. ತಪ್ಪಿದರೆ ಹತ್ತಿಗೆ ಸ್ವಲ್ಪ ಸ್ಯಾನಿಟೈಸರ್ ಹಾಕಿ ಒರೆಸಿ. ಗೆರೆ ಅಳಿಸಿಹೋಗುತ್ತದೆ.

ಆ ಹಾಳೆಯನ್ನು ಜೆರಾಕ್ಸ್ ಅಂಗಡಿಗೆ ಒಯ್ದು, "180 ಪರ್ಸೆಂಟ್ ದೊಡ್ಡದು ಮಾಡಿ ಎ4ಗೆ ಕೊಡಿ" ಅನ್ನಿ. 4 x 6 ಇಂಚಿನ ಫೋಟೋ ಸುಮಾರು 102 x 152 ಮಿಲಿಮೀಟರ್. ಎ4 ಹಾಳೆ 210 x 297 ಮಿಲಿಮೀಟರ್. 180ಕ್ಕೆ ಹಿಗ್ಗಿಸಿದರೆ ಹಸು ಹಾಳೆ ತುಂಬಾ ಬರುತ್ತದೆ, ಸುತ್ತ ಸ್ವಲ್ಪ ಅಂಚೂ ಉಳಿಯುತ್ತದೆ. ಗೆರೆಯೂ ಅಷ್ಟೇ ದಪ್ಪವಾಗುತ್ತದೆ. ಐದು ವರ್ಷದ ಮಗುವಿಗೆ ಅದೇ ಬೇಕಾದದ್ದು. ಐದಾರು ಪ್ರತಿ ತೆಗೆಸಿ. ಪ್ಲಾಸ್ಟಿಕ್ ಹಾಳೆಯನ್ನು ಫೈಲಿನಲ್ಲಿ ಜೋಪಾನವಾಗಿ ಇಡಿ. ಅದಕ್ಕೆ ಯಾರೂ ಬಣ್ಣ ಹಚ್ಚುವ ಹಾಗಿಲ್ಲ, ಅದೇ ಮೂಲಪ್ರತಿ. ಪ್ರಿಂಟರ್ ಇಲ್ಲದಿರುವುದು ಇಲ್ಲಿ ಒಳ್ಳೆಯದೇ ಆಯಿತು. ಮನೆಯ ಇಂಕ್‌ಜೆಟ್ ಪ್ರಿಂಟರಿನ ಗೆರೆ ನೀರು ತಾಗಿದರೆ ಹರಡುವುದು ಹೆಚ್ಚು. ಜೆರಾಕ್ಸ್ ಯಂತ್ರದ ಕಪ್ಪು ಹಾಗಲ್ಲ. ಅದು ಪ್ಲಾಸ್ಟಿಕ್ ಬೆರೆತ ಪುಡಿ, ಬಿಸಿಗೆ ಕರಗಿ ಹಾಳೆಗೆ ಅಂಟಿಕೊಂಡಿರುತ್ತದೆ. ಮೇಲೆ ವಾಟರ್ ಕಲರ್ ಹಚ್ಚಿದರೂ ಅಲ್ಲಾಡುವುದಿಲ್ಲ.

ಯಾವುದಕ್ಕೆ ಗೆರೆ ಎಳೆಯಬೇಕು, ಯಾವುದನ್ನು ಬಿಡಬೇಕು? ಆ್ಯಪ್ ಸೋತದ್ದು ಇಲ್ಲೇ. ಅದಕ್ಕೆ ಹಸು ಯಾವುದು, ನೆರಳು ಯಾವುದು ಗೊತ್ತಾಗುವುದಿಲ್ಲ. ಬೆಳಕು ಥಟ್ಟನೆ ಕತ್ತಲಾಗುವ ಕಡೆಯೆಲ್ಲ ಗೆರೆ ಹಾಕುತ್ತದೆ, ಕತ್ತಲಿರುವ ಕಡೆಗೆ ಕಪ್ಪು ಬಳಿಯುತ್ತದೆ. ಕಂದು ಬಣ್ಣದ ಹಸು ಬಿಸಿಲಿಗೆ ನಿಂತಿದ್ದರೆ ನೆರಳಿನ ಕಡೆಯ ಮೈ ಪೂರ್ತಿ ಕಪ್ಪು. ಅಜ್ಜಿಯ ಮುಖದ ಸುಕ್ಕು, ಕಣ್ಣಿನ ಕೆಳಗಿನ ನೆರಳು ಎಲ್ಲಾ ಕಪ್ಪು ಗೆರೆಯಾಗಿ ಬಂದರೆ ಮಗು ಹೆದರದೆ ಇರುತ್ತದೆಯೇ? ನೀವು ಹಾಗೆ ಮಾಡಬೇಡಿ. ಬೆರಳಿಟ್ಟು ತೋರಿಸಿ ಹೆಸರು ಹೇಳಬಹುದಾದದ್ದಕ್ಕೆ ಮಾತ್ರ ಗೆರೆ. ಕೊಂಬು, ಕಿವಿ, ಕೊರಳ ಹಗ್ಗ, ಗಂಟೆ, ಗೊರಸು, ಬಾಲದ ಕುಚ್ಚು, ಕೆಚ್ಚಲು. ನೆರಳಿಗೆ ಗೆರೆ ಬೇಡ. ಪಕ್ಕೆಲುಬಿನ ಮೇಲೆ ಬಿದ್ದ ಬೆಳಕಿಗೂ ಬೇಡ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇನ್ನೇನು ಬಿಟ್ಟೆ?" ಎಂದು ಕೇಳುತ್ತಾ ಹೋಗಿ. ನೀವು ಗಮನಿಸದೇ ಇದ್ದದ್ದನ್ನು ಅವಳು ತೋರಿಸುತ್ತಾಳೆ.

ಮುಖಕ್ಕೆ ಇನ್ನೂ ಕಡಿಮೆ ಗೆರೆ ಸಾಕು. ಮುಖದ ಸುತ್ತಳತೆ, ಬೈತಲೆ, ಹುಬ್ಬು, ಕಣ್ಣು, ಮೂಗಿನ ತುದಿಗೆ ಒಂದು ಸಣ್ಣ ಬಾಗು, ತುಟಿಗೆ ಒಂದು ಗೆರೆ. ಅಷ್ಟೇ. ಹಲ್ಲುಗಳನ್ನು ಒಂದೊಂದಾಗಿ ಬಿಡಿಸಿದರೆ ನಗುವ ಅಜ್ಜಿಯೂ ಭಯ ಹುಟ್ಟಿಸುತ್ತಾಳೆ. ಅಜ್ಜಿಯ ಗುರುತು ಮೂಗಿನ ಅಳತೆಯಲ್ಲಿ ಇರುವುದಿಲ್ಲ. ಕನ್ನಡಕ, ಮೂಗುತಿ, ಸೀರೆ ಸೆರಗು ಸಿಕ್ಕಿಸಿಕೊಂಡ ರೀತಿ, ಸೊಂಟದ ಬೀಗದ ಕೈ ಗೊಂಚಲು, ಮುಡಿದ ಅಬ್ಬಲಿಗೆ, ಇವುಗಳಲ್ಲಿ ಇರುತ್ತದೆ. ಅವನ್ನು ಬಿಡದೆ ಬಿಡಿಸಿ. ಸೀರೆಯ ಅಂಚನ್ನು ಸ್ವಲ್ಪ ಅಗಲವಾಗಿಯೇ ಇಡಿ, ಬಣ್ಣ ತುಂಬಲು ಜಾಗ ಬೇಕಲ್ಲ.

ಹೊಸ ಫೋಟೋ ಬೇಕಾದರೆ ಊರಲ್ಲಿರುವವರಿಗೆ ಹೇಳಿ ತೆಗೆಸಿ. ಹಸುವಿನ ಪಕ್ಕಕ್ಕೆ ನಿಂತು, ಅದರ ಹೆಗಲಿನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ತೆಗೆಯಲಿ. ನಿಂತುಕೊಂಡು ಮೇಲಿನಿಂದ ತೆಗೆದರೆ ಕಾಲು ಗಿಡ್ಡ, ಬೆನ್ನು ದೊಡ್ಡದು. ಅಡಿಕೆ ತೋಟದೊಳಗೆ ಬೇಡ, ಅಲ್ಲಿ ಬಿಸಿಲು ತೇಪೆ ತೇಪೆಯಾಗಿ ಬಿದ್ದು ಹಸುವಿನ ಮೈಯೆಲ್ಲ ಮಚ್ಚೆಯಾಗುತ್ತದೆ. ಮೋಡ ಇರುವ ದಿನ, ಅಂಗಳದಲ್ಲಿ, ಗೋಡೆಯ ಮುಂದೆ ನಿಲ್ಲಿಸಿದರೆ ಚೆನ್ನ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಸುಮ್ನೆ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಆಗ ಚಿತ್ರ ಕುಗ್ಗುವುದಿಲ್ಲ.

ಇಷ್ಟು ಮಾಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಆದರೆ ನಾನು ಇಲ್ಲಿಗೇ ನಿಲ್ಲಿಸಲಾರೆ. ಫೋಟೋದಿಂದ ಮಾಡಿದ ಹಾಳೆ ಗೌರಿಯ ಹಾಳೆ ಹೌದು. ನಿಮ್ಮ ಮಗಳ ಹಾಳೆ ಆಗಬೇಕಾದರೆ ಗೆರೆಯೂ ಅವಳದೇ ಆಗಬೇಕು.

ನಾನು ಕೆಲಸಕ್ಕೆ ಸೇರಿದ ಹೊಸತು. ಎರಡನೇ ಕ್ಲಾಸಿನ ಒಬ್ಬ ಹುಡುಗ ತನ್ನ ಮನೆಯ ಹಸು ಬಿಡಿಸಿದ. ಪೆನ್ಸಿಲ್ ಗೆರೆ ತೆಳ್ಳಗಿತ್ತು. ಜೆರಾಕ್ಸ್ ಮಾಡಿಸಿ ಎಲ್ಲ ಮಕ್ಕಳಿಗೂ ಬಣ್ಣ ತುಂಬಲು ಕೊಡೋಣ ಎಂದು ಅದರ ಮೇಲೆ ಕಪ್ಪು ಪೆನ್ನಿನಿಂದ ತಿದ್ದಿದೆ. ಅವನು ಒಂದೇ ಕೊಂಬು ಹಾಕಿದ್ದ. ಮರೆತಿದ್ದಾನೆ ಎಂದುಕೊಂಡು ಇನ್ನೊಂದನ್ನು ನಾನೇ ಸೇರಿಸಿದೆ. ಪ್ರತಿ ಕೈಗೆ ಬಂದಾಗ ಅವನು ಬಣ್ಣ ಮುಟ್ಟಲಿಲ್ಲ. "ಇದು ನಮ್ಮ ಹಸು ಅಲ್ಲ ಮಿಸ್. ನಮ್ಮದಕ್ಕೆ ಒಂದು ಕೊಂಬು ಮುರಿದಿದೆ" ಅಂದ. ಅವನು ಮರೆತಿರಲಿಲ್ಲ. ನಾನು ಕೇಳಲಿಲ್ಲ. ಆ ದಿನದಿಂದ ಮಕ್ಕಳ ಗೆರೆಗೆ ನನ್ನ ಗೆರೆ ಸೇರಿಸಿಲ್ಲ.

ಹಾಗಾಗಿ ಹೀಗೆ ಮಾಡಿ ನೋಡಿ. ಮಗಳಿಗೆ ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್ ಕೊಟ್ಟು ಗೌರಿಯನ್ನು ಅವಳೇ ಬಿಡಿಸಲಿ. ಐದು ವರ್ಷದ ಮಗುವಿನ ಹಸುವಿಗೆ ನಾಲ್ಕೂ ಕಾಲು ಒಂದೇ ಸಾಲಿನಲ್ಲಿ ಕಾಣುತ್ತವೆ. ಪಕ್ಕದಿಂದ ನೋಡಿದ ಮೈಗೆ ಎದುರಿನಿಂದ ನೋಡಿದ ಮುಖ ಇರುತ್ತದೆ. ಹೊಟ್ಟೆಯೊಳಗೆ ಕರು ಕಂಡರೂ ಆಶ್ಚರ್ಯವಿಲ್ಲ. ಮನೆ ಬಿಡಿಸಿದರೆ ಗೋಡೆಯ ಆಚೆ ಒಲೆ, ಅಜ್ಜಿ, ಮಂಚ ಎಲ್ಲಾ ಒಟ್ಟಿಗೆ ಕಾಣುತ್ತವೆ. ಈ ವಯಸ್ಸಿನ ಮಕ್ಕಳು ಕಣ್ಣಿಗೆ ಕಂಡದ್ದಕ್ಕಿಂತ ತಮಗೆ ಗೊತ್ತಿರುವುದನ್ನು ಬಿಡಿಸುತ್ತಾರೆ. ಹಸುವಿಗೆ ನಾಲ್ಕು ಕಾಲಿದೆ ಅಂತ ಗೊತ್ತು, ಹಾಗಾಗಿ ನಾಲ್ಕನ್ನೂ ತೋರಿಸುತ್ತಾರೆ. ತಿದ್ದಬೇಡಿ. "ಇದೇನು?" ಎಂದು ಕೇಳಿದರೂ ಕೆಲವು ಮಕ್ಕಳು ಮುದುಡಿಕೊಳ್ಳುತ್ತಾರೆ. "ಇದರ ಬಗ್ಗೆ ಹೇಳು" ಅನ್ನಿ.

ಆಮೇಲೆ ಆ ಪೆನ್ಸಿಲ್ ಗೆರೆಯ ಮೇಲೇ ಕಪ್ಪು ಸ್ಕೆಚ್ ಪೆನ್ನಿನಿಂದ ಅವಳೇ ಎಳೆಯಲಿ. ಕೈ ಸೋತರೆ ನೀವು ಎಳೆಯಿರಿ, ಅವಳು ಎಲ್ಲಿ ಸೊಟ್ಟ ಮಾಡಿದ್ದಾಳೋ ಅಲ್ಲಿ ಸೊಟ್ಟಗೇ ಎಳೆಯಿರಿ. ಶಾಯಿ ಒಣಗಿದ ಮೇಲೆ ರಬ್ಬರಿನಿಂದ ಪೆನ್ಸಿಲ್ ಅಳಿಸಿ. ಜೆರಾಕ್ಸ್ ಅಂಗಡಿಯಲ್ಲಿ ಆರು ಪ್ರತಿ ತೆಗೆಸಿ. ಅಂಗಡಿ ದೂರವಾದರೆ ಫೋನಿನಲ್ಲೇ ಸ್ಕ್ಯಾನ್ ಮಾಡಿ, ಆ್ಯಂಡ್ರಾಯ್ಡ್‌ನಲ್ಲಿ ಗೂಗಲ್ ಡ್ರೈವ್ ಆ್ಯಪಿನೊಳಗೆ, ಐಫೋನಿನಲ್ಲಿ ನೋಟ್ಸ್ ಒಳಗೆ ಆ ಸೌಲಭ್ಯ ಇದೆ. ಕಪ್ಪು ಬಿಳುಪು ಆಯ್ಕೆ ಮಾಡಿದರೆ ಹಾಳೆಯ ಬೂದು ಬಣ್ಣ ಹೋಗಿ ಗೆರೆ ಮಾತ್ರ ಉಳಿಯುತ್ತದೆ.

ಆರು ಪ್ರತಿ ಯಾಕೆ ಅಂದರೆ, ಮಕ್ಕಳಿಗೆ ತಮ್ಮ ಚಿತ್ರ ಹಾಳಾಗುತ್ತದೆ ಎಂಬ ಭಯ ಇರುತ್ತದೆ. ಒಂದೇ ಹಾಳೆ ಇದ್ದರೆ ಗೊತ್ತಿರುವ ಬಣ್ಣವನ್ನೇ ಹಚ್ಚುತ್ತಾರೆ. ಆರು ಇದ್ದರೆ ಮೊದಲನೆಯದು ಕಂದು ಗೌರಿ. ಎರಡನೆಯದು ಮಳೆಯಲ್ಲಿ ನೆನೆದ ಗೌರಿ. ಮೂರನೆಯದು ದೀಪಾವಳಿಯ ಗೋಪೂಜೆಗೆ ಮೈಗೆಲ್ಲ ಬಣ್ಣದ ಅಚ್ಚು ಹಾಕಿಸಿಕೊಂಡ ಗೌರಿ. ನಾಲ್ಕನೆಯದು ರಾತ್ರಿ ಕೊಟ್ಟಿಗೆಯಲ್ಲಿ ಮಲಗುವ ಮುಂಚಿನ ಗೌರಿ. ಒಂದೇ ಗೆರೆ, ಬೆಳಕು ಬೇರೆ ಬೇರೆ. ಬೆಳಕು ಬದಲಾದರೆ ಬಣ್ಣವೂ ಬದಲಾಗುತ್ತದೆ ಎಂಬುದು ದೊಡ್ಡವರ ಚಿತ್ರಕಲೆ ತರಗತಿಯ ಪಾಠ. ಮಗು ಅದನ್ನು ಆಟವಾಡುತ್ತಾ ಕಂಡುಕೊಳ್ಳುತ್ತದೆ.

ನಿಮಗೆ ಯಾರೋ ಹೇಳಿದ ಮಾತಿಗೆ ಈಗ ಬರುತ್ತೇನೆ. ಅದು ಹೊಸ ಮಾತಲ್ಲ. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕಲಾ ಶಿಕ್ಷಣ ಕಲಿಸಿದ ವಿಕ್ಟರ್ ಲೋವೆನ್‌ಫೆಲ್ಡ್ ಬಣ್ಣ ತುಂಬುವ ಪುಸ್ತಕಗಳನ್ನು ಬಲವಾಗಿ ವಿರೋಧಿಸಿದವರು. 1947ರಲ್ಲಿ ಬಂದ ಅವರ ಪುಸ್ತಕವನ್ನು ಡ್ರಾಯಿಂಗ್ ಕಲಿಸುವವರು ಇವತ್ತಿಗೂ ಓದುತ್ತಾರೆ. ಬೇರೆಯವರು ಬಿಡಿಸಿದ ಅಚ್ಚುಕಟ್ಟಾದ ಹಕ್ಕಿಗೆ ಬಣ್ಣ ತುಂಬಿ ತುಂಬಿ, ಮಗು ತನ್ನದೇ ಹಕ್ಕಿಯ ಮೇಲೆ ನಂಬಿಕೆ ಕಳೆದುಕೊಳ್ಳುತ್ತದೆ ಎಂಬುದು ಅವರ ವಾದದ ತಿರುಳು. ಕ್ಲಾಸಿನಲ್ಲಿ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾಲ್ಕನೇ ವಯಸ್ಸಿನಲ್ಲಿ ಗೋಡೆ ತುಂಬಾ ಬಿಡಿಸಿದ ಮಕ್ಕಳೇ ಏಳನೇ ವಯಸ್ಸಿಗೆ, "ನಂಗೆ ಬರಲ್ಲ ಮಿಸ್, ನೀವೇ ಬಿಡಿಸಿಕೊಡಿ" ಅನ್ನುತ್ತಾರೆ. ಅದು ಕೇಳಿದಾಗ ನನಗೆ ನಿಜವಾಗಿ ನೋವಾಗುತ್ತದೆ.

ಆದರೂ ಬಣ್ಣ ತುಂಬುವುದೇ ಕೆಟ್ಟದ್ದು ಎಂದು ನಾನು ಒಪ್ಪುವುದಿಲ್ಲ. ಬೆರಳಿಗೆ ಹಿಡಿತ ಬರುತ್ತದೆ. ಎಷ್ಟು ಒತ್ತಿದರೆ ಎಷ್ಟು ಗಾಢ ಅಂತ ಕೈಗೆ ಗೊತ್ತಾಗುತ್ತದೆ. ಕೂತು ಒಂದು ಕೆಲಸ ಮುಗಿಸುವ ಅಭ್ಯಾಸ ಆಗುತ್ತದೆ. ದಣಿದ ಸಂಜೆ ಮಗುವಿಗೆ ಅದು ವಿಶ್ರಾಂತಿ. ತೊಂದರೆ ಇರುವುದು ಗೆರೆ ಯಾವಾಗಲೂ ಬೇರೆಯವರದೇ ಆದಾಗ. ಗೆರೆ ಮಗುವಿನದೇ ಆದರೆ ಲೋವೆನ್‌ಫೆಲ್ಡ್ ಹೇಳಿದ ಅಪಾಯ ಅಲ್ಲಿ ಉಳಿಯುವುದಿಲ್ಲ ಅಲ್ವಾ? ಅಂಗಡಿಯ ಪುಸ್ತಕವನ್ನು ಕಸಿದುಕೊಳ್ಳಬೇಡಿ. ಯುನಿಕಾರ್ನ್ ಕೂಡ ಇರಲಿ. ಗೌರಿ ಅದರ ಪಕ್ಕದಲ್ಲಿರಲಿ.

ಇನ್ನೊಂದು ವಿಷಯ ಹೇಳಲೇಬೇಕು. ಅಜ್ಜಿಯ ಹಾಳೆ ಮುಂದಿಟ್ಟ ಕೂಡಲೇ ಮಗಳು ಕೇಳಬಹುದು, "ಅಮ್ಮಾ, ಸ್ಕಿನ್ ಕಲರ್ ಎಲ್ಲಿ?" ನಮ್ಮ ಮಕ್ಕಳು ಸ್ಕಿನ್ ಕಲರ್ ಅನ್ನುವುದು ಆ ತಿಳಿ ಗುಲಾಬಿ ಕ್ರೆಯಾನಿಗೆ. ಅಜ್ಜಿಯ ಕೈ ಆ ಬಣ್ಣದ್ದಲ್ಲ. ನನ್ನದೂ ಅಲ್ಲ, ಬಹುಶಃ ನಿಮ್ಮ ಮಗಳದೂ ಅಲ್ಲ. ಅಮೆರಿಕದ ಕ್ರೆಯೋಲಾ ಕಂಪನಿಯ ಪೆಟ್ಟಿಗೆಯಲ್ಲೂ ಅಂಥದೇ ಬಣ್ಣಕ್ಕೆ ಮೊದಲು ಚರ್ಮದ ಬಣ್ಣ ಎಂಬ ಅರ್ಥದ ಹೆಸರೇ ಇತ್ತು. 1962ರಲ್ಲಿ ಅದನ್ನು ಪೀಚ್ ಎಂದು ಬದಲಾಯಿಸಿದರು. ಚರ್ಮದ ಬಣ್ಣಗಳದ್ದೇ 24 ಕ್ರೆಯಾನುಗಳ ಪೆಟ್ಟಿಗೆಯನ್ನು ಅವರು ತಂದದ್ದು 2020ರಲ್ಲಿ. ನಮ್ಮ ಮನೆಗಳಲ್ಲಿ ಹಳೇ ಮಾತು ಇನ್ನೂ ಹೋಗಿಲ್ಲ.

ಇದಕ್ಕೆ ಭಾಷಣ ಬೇಡ. ಎಲ್ಲ ಕ್ರೆಯಾನುಗಳನ್ನು ನೆಲದ ಮೇಲೆ ಹರಡಿ. ಮಗಳ ಮುಂಗೈ ಪಕ್ಕಕ್ಕೆ ಒಂದೊಂದನ್ನೇ ಹಿಡಿದು ನೋಡಲಿ. ಯಾವುದೂ ಸರಿಯಾಗಿ ಹೊಂದುವುದಿಲ್ಲ. ಆಗ ಬೇರೆ ಹಾಳೆಯಲ್ಲಿ ಮೊದಲು ಹಳದಿ ಹಗುರವಾಗಿ, ಅದರ ಮೇಲೆ ಕಂದು, ಬೇಕಿದ್ದರೆ ಸ್ವಲ್ಪವೇ ಸ್ವಲ್ಪ ಕೆಂಪು. ಒತ್ತದೆ ಪದರ ಪದರವಾಗಿ ಹಚ್ಚಬೇಕು. ಅಜ್ಜಿಗೆ ಒಂದು, ಅಮ್ಮನಿಗೆ ಒಂದು, ಅಣ್ಣನಿಗೆ ಒಂದು, ಹೀಗೆ ಮನೆಯವರೆಲ್ಲರ ಬಣ್ಣದ ಪಟ್ಟಿ ಮಾಡಿ ಹಾಳೆಯ ಹಿಂದೆ ಅಂಟಿಸಿ. ನಾನು ಕ್ಲಾಸಿನಲ್ಲಿ ಇದನ್ನು ಮಾಡಿಸಿದಾಗೆಲ್ಲ ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದು ನೋಡಿ, "ನೀನು ಬೆಲ್ಲ, ನಾನು ಹುಣಸೆಹಣ್ಣು" ಎಂದು ಹೆಸರಿಡಲು ಶುರು ಮಾಡುತ್ತಿದ್ದರು. ಕಪ್ಪು, ಬಿಳುಪು ಎಂದು ಕೀಟಲೆ ಮಾಡುತ್ತಿದ್ದ ಮಕ್ಕಳೇ ಅವರು.

ಹಾಳೆಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ಜೆರಾಕ್ಸ್ ಅಂಗಡಿಯಲ್ಲಿ ಸಾಮಾನ್ಯವಾಗಿ ಇರುವುದು 70 ಅಥವಾ 75 ಜಿಎಸ್‌ಎಂ ತೂಕದ ತೆಳ್ಳನೆಯ ಹಾಳೆ. ಕ್ರೆಯಾನಿಗೂ ಕಲರ್ ಪೆನ್ಸಿಲಿಗೂ ಸಾಕು. ಸ್ಕೆಚ್ ಪೆನ್ ಹಚ್ಚಿದರೆ ಆಚೆ ಬದಿಗೆ ಇಳಿಯುತ್ತದೆ, ಎರಡು ಸಲ ಉಜ್ಜಿದರೆ ಹಾಳೆ ಎದ್ದು ಬರುತ್ತದೆ. ವಾಟರ್ ಕಲರ್ ಮಾಡುವುದಿದ್ದರೆ ಸ್ವಲ್ಪ ದಪ್ಪ ಡ್ರಾಯಿಂಗ್ ಹಾಳೆಯನ್ನು ಎ4ಗೆ ಕತ್ತರಿಸಿ ಒಯ್ಯಿರಿ, ಯಂತ್ರದ ಪಕ್ಕದ ಟ್ರೇಯಲ್ಲಿ ಹಾಕಿ ತೆಗೆಯಬಹುದೇ ಎಂದು ಕೇಳಿ. ಕ್ರೆಯಾನ್ ಮುರಿದರೆ ಬಿಸಾಡಬೇಡಿ. ಚಿಕ್ಕ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ. ಮೂರು ಬೆರಳಲ್ಲೇ ಹಿಡಿಯಬೇಕು. ಬರೆಯಲು ಬೇಕಾದ ಹಿಡಿತವೂ ಅದೇ. ಮಗಳು ಗೆರೆ ದಾಟಿ ಬಣ್ಣ ಹಚ್ಚಿದರೆ ಸುಮ್ನೆ ಇರಿ. ಗೆರೆಯೊಳಗೆ ನಿಲ್ಲುವುದು ಕೈ ಬಲಿತ ಮೇಲೆ ತಾನಾಗಿ ಬರುತ್ತದೆ.

ಕಂಪ್ಯೂಟರಿನಲ್ಲೇ ಮಾಡುವ ಆಸೆ ಇದ್ದರೆ ಗಿಂಪ್ ಎಂಬ ಉಚಿತ ತಂತ್ರಾಂಶ ಇದೆ. ಫೋಟೋವನ್ನು ಕಪ್ಪು ಬಿಳುಪು ಮಾಡಿ, ಆ ಪದರದ (ಲೇಯರ್) ನಕಲು ಮಾಡಿ, ನಕಲನ್ನು ಇನ್ವರ್ಟ್ ಮಾಡಿ (ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ), ಪದರದ ಮೋಡನ್ನು ಡಾಡ್ಜ್‌ಗೆ ಬದಲಾಯಿಸಿ, ನಕಲಿಗೆ ಗಾಸಿಯನ್ ಬ್ಲರ್ ಹಾಕಿ ಮಸುಕು ಮಾಡಬೇಕು. ಒಂದೇ ಸಮ ಇರುವ ಕಡೆ ಎರಡು ಪದರ ಸೇರಿ ಬಿಳಿಯಾಗುತ್ತದೆ. ಅಂಚುಗಳಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಬ್ಲರ್ ಜಾಸ್ತಿ ಮಾಡಿದಷ್ಟೂ ಗೆರೆ ದಪ್ಪ. ಮನೆ, ಬೈಕು, ತುಳಸಿಕಟ್ಟೆ ಇಂಥವಕ್ಕೆ ಇದು ಚೆನ್ನಾಗಿ ಬರುತ್ತದೆ. ಮುಖಕ್ಕೆ ಬೇಡ.

ಎಐಗೆ ಫೋಟೋ ಕೊಟ್ಟು ಚಿತ್ರ ಕೇಳುವವರು ಈಗ ಹೆಚ್ಚಾಗಿದ್ದಾರೆ. ಹಾಳೆ ನೀಟಾಗಿ ಬರುತ್ತದೆ, ಒಪ್ಪುತ್ತೇನೆ. ಆದರೆ ಅದು ನಿಮ್ಮ ಅಜ್ಜಿಯನ್ನು ಯಾವುದೋ ಒಂದು ಅಜ್ಜಿ ಮಾಡಿಬಿಡಬಹುದು. ಹೆಂಚಿನ ಮನೆಗೆ ತಾನೇ ಕಿಟಕಿ ಸೇರಿಸಬಹುದು. ಕನ್ನಡ ಅಕ್ಷರ ಎಷ್ಟೋ ಸಲ ಕೆಡುತ್ತದೆ. ಹೆಸರು ಬೇಕಾದರೆ ನೀವೇ ಕೈಯಲ್ಲಿ ಬರೆಯಿರಿ. ಮುಖ್ಯವಾಗಿ, ಮಕ್ಕಳ ಫೋಟೋವನ್ನು ಗುರುತಿಲ್ಲದ ಆ್ಯಪಿಗೆ ಹಾಕಬೇಡಿ. ಅದು ಎಲ್ಲಿಗೆ ಹೋಗುತ್ತದೆ, ಎಷ್ಟು ದಿನ ಇರುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ. ಒಎಚ್‌ಪಿ ಹಾಳೆಯ ಮೇಲೆ ಗೆರೆ ಎಳೆದರೆ ಆ ಚಿಂತೆಯೇ ಇಲ್ಲ.

ನಿಮ್ಮ ತವರು ಸಾಗರದ ಕಡೆ ಎಂದು ಓದಿ ನನಗೆ ತುಂಬಾ ಖುಷಿಯಾಯಿತು. ಆ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳ ಹಸೆ ಚಿತ್ತಾರ ನೀವು ನೋಡಿರಬಹುದು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಪುಂಡಿ ನಾರಿನ ಕುಂಚ. ಕಪ್ಪಿಗೆ ಹುರಿದು ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಗೆರೆ ಪಕ್ಕ ಗೆರೆ ಹೋಗಿ, ನಡುವೆ ಚಿಕ್ಕ ಚಿಕ್ಕ ಚೌಕ, ತ್ರಿಕೋನಗಳು ಮೂಡುತ್ತವೆ. ಮುಂದಿನ ರಜೆಯಲ್ಲಿ ಮಕ್ಕಳಿಗೆ ಅಂಥ ಒಂದು ಗೋಡೆ ತೋರಿಸಿ. ಚಿತ್ತಾರದ ಸಾಲೊಂದನ್ನು ಮಗ ಅಳತೆಪಟ್ಟಿ ಇಲ್ಲದೆ ಹಾಳೆಯ ಅಂಚಿಗೆ ಹಾಕಲಿ, ಒಳಗೆ ತಂಗಿಯ ಗೌರಿ ಇರಲಿ. ಬಣ್ಣ ಮಾತ್ರ ನಾಲ್ಕೇ: ಕೆಂಪು, ಬಿಳಿ, ಕಪ್ಪು, ಹಳದಿ. 24 ಬಣ್ಣದ ಪೆಟ್ಟಿಗೆ ಇದ್ದರೂ ನಾಲ್ಕರಲ್ಲೇ ಮುಗಿಸಬೇಕು ಅಂದಾಗ ಮಕ್ಕಳು ಯೋಚಿಸುವ ರೀತಿಯೇ ಬೇರೆ.

ಊರಿಗೆ ಹೋಗಲಾಗದಿದ್ದರೆ ಅಜ್ಜಿಗೆ ವೀಡಿಯೋ ಕಾಲ್ ಮಾಡಿ ಒಂದು ಚುಕ್ಕಿ ರಂಗೋಲಿ ಹೇಳಿಸಿ. ಗೆರೆ ಎಳೆದು ಒಳಗೆ ಬಣ್ಣ ತುಂಬುವುದು ನಮ್ಮ ಅಜ್ಜಿಯಂದಿರಿಗೆ ಹೊಸತಲ್ಲ, ಅಂಗಳವೇ ಅವರ ಹಾಳೆ. ನಡುವಿನ ಸಾಲಿಗೆ 7 ಚುಕ್ಕಿ, ಮೇಲೆ ಕೆಳಗೆ ಎರಡು ಚುಕ್ಕಿಯ ನಡುವೆ ಬರುವಂತೆ 6, 5, 4. ಒಟ್ಟು 37 ಚುಕ್ಕಿ. ಎಂಟು ವರ್ಷದವನಿಗೆ ಹೇಳಿ ಮಾಡಿಸಿದ ಅಳತೆ. ಅಜ್ಜಿ ಅಲ್ಲಿಂದ ಹೇಳುತ್ತಾರೆ, ಮೊಮ್ಮಗ ಇಲ್ಲಿ ಸೇರಿಸುತ್ತಾನೆ. ಗೆರೆ ತಪ್ಪಿದರೆ ಅಜ್ಜಿಗೆ ಗೊತ್ತಾಗಿಬಿಡುತ್ತದೆ.

ಈಗ ಮಗನ ವಿಷಯ. ಬಣ್ಣ ತುಂಬುವುದು ಚಿಕ್ಕ ಮಕ್ಕಳ ಕೆಲಸ ಅನ್ನುತ್ತಾನೆ. ಅವನ ಜೊತೆ ವಾದ ಬೇಡ. ಹಾಳೆ ಮಾಡುವುದು ದೊಡ್ಡವರ ಕೆಲಸ, ಅದನ್ನು ಅವನಿಗೆ ಕೊಡಿ. ಒಎಚ್‌ಪಿ ಹಾಳೆಯ ಮೇಲೆ ಗೆರೆ ಎಳೆಯಲು ಎಂಟು ವರ್ಷದ ಕೈ ಸಾಕು. ಯಾವ ಗೆರೆ ಇರಬೇಕು, ಯಾವುದು ಬೇಡ ಎಂದು ಅವನು ತೀರ್ಮಾನಿಸಲಿ. ತಂಗಿಗಾದರೆ ಜಾಗ ದೊಡ್ಡದಿರಬೇಕು, ಹತ್ತು ಹದಿನೈದು ಭಾಗಕ್ಕಿಂತ ಜಾಸ್ತಿ ಬೇಡ ಎಂದು ಮಾತ್ರ ಹೇಳಿಕೊಡಿ. ಅವನಿಗಾದರೆ ಎಷ್ಟು ಬೇಕಾದರೂ ಹಾಕಿಕೊಳ್ಳಲಿ. ಅಜ್ಜನ ಬೈಕು ಇದ್ದರೆ ಅದರ ಪ್ರತಿಯೊಂದು ನಟ್ಟು ಬೋಲ್ಟು, ನಂಬರ್ ಪ್ಲೇಟಿನ ಕೆಎ 15 ಸಹಿತ ಬಿಡಿಸಲು ಈ ವಯಸ್ಸಿನ ಹುಡುಗರು ಒಂದು ಭಾನುವಾರ ಪೂರ್ತಿ ಕೂರುತ್ತಾರೆ. ಎಂಟು ಹಾಳೆ ಆದ ಮೇಲೆ ರಟ್ಟಿನ ಹೊದಿಕೆ ಹಾಕಿ, ಪಂಚ್ ಮಾಡಿ, ದಾರ ಕಟ್ಟಿ. ಹೊದಿಕೆಯ ಮೇಲೆ "ಗೆರೆ: ಅಣ್ಣ. ಬಣ್ಣ: ತಂಗಿ" ಎಂದು ಅವರ ಹೆಸರು ಬರೆಯಲಿ. ಒಂದು ಖಾಲಿ ಪ್ರತಿಯನ್ನು ಕ್ರೆಯಾನ್ ಪೆಟ್ಟಿಗೆಯ ಜೊತೆ ಅಜ್ಜಿಗೂ ಕಳಿಸಿ. ದೊಡ್ಡವರು ಬಣ್ಣ ತುಂಬಬಾರದು ಎಂದೇನೂ ಇಲ್ಲ.

ಪ್ರತಿ ಹಾಳೆಯ ಹಿಂದೆ ತಾರೀಖು ಬರೆಯಿರಿ. ಮಗಳು ಬಣ್ಣ ತುಂಬುವಾಗ ಹೇಳಿದ ಒಂದು ಮಾತನ್ನೂ, ಅವಳು ಹೇಳಿದ ಹಾಗೇ ಬರೆದಿಡಿ. ಇನ್ನು, ಗೌರಿಯ ಹಣೆಯ ಮೇಲಿನ ಬಿಳಿ ಮಚ್ಚೆಗೆ ಸುತ್ತ ಗೆರೆ ಹಾಕಲು ಮಗನಿಗೆ ನೆನಪಿಸಿ. ಫೋಟೋದಲ್ಲಿ ಅದು ಬೆಳಕಿಗೆ ಮಸುಕಾಗಿದ್ದರೂ ಪರವಾಗಿಲ್ಲ, ಮಗಳನ್ನೇ ಕೇಳಿ, ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಾಳೆ.